ಆಶ್ರಯ ಕೇಳಿ ಬಂದವನೂ ಮೂರು ಬಗೆಯ ಕಾನೂನೂ

ಸಮಾಜ ವಿಜ್ಞಾನದ ಪಾಠದ ನಡುವೆ ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ: "ಮಾಷ್ಟ್ರೇ, ಜೀವ ಉಳಿಸಿಕೊಳ್ಳಲು ಓಡಿ ಬಂದವನನ್ನು ವಾಪಸು ಕಳಿಸಬಹುದೇ?" ಒಳ್ಳೆಯ ಪ್ರಶ್ನೆ. ಉತ್ತರವಾಗಿ ನಡೆದ ಸಂಗತಿಯೊಂದನ್ನೇ ಹೇಳಿದೆ. ನಿಮಗೂ ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಲಕ್ಷಾಂತರ ಜನ ಮನೆಮಠ ಕಳೆದುಕೊಂಡರು. ಆ ಅನುಭವದಿಂದ ಹುಟ್ಟಿದ್ದು 1951ರ ಜಿನೀವಾ ನಿರಾಶ್ರಿತರ ಒಪ್ಪಂದ. ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತನನ್ನು ಮರಳಿ ಅಟ್ಟಬಾರದು ಎನ್ನುತ್ತದೆ ಅದರ 33ನೇ ವಿಧಿ. 1951ಕ್ಕಿಂತ ಹಿಂದಿನ ಘಟನೆಗಳಿಗೆ ಮಾತ್ರ ಎಂಬ ಮಿತಿಯನ್ನು 1967ರ ಪ್ರೋಟೋಕಾಲ್ ತೆಗೆದುಹಾಕಿತು. ಇದು ಅಂತಾರಾಷ್ಟ್ರೀಯ ಕಾನೂನು. ಆದರೆ ಆಶ್ರಯದ ಅರ್ಜಿಯನ್ನು ಯಾವ ದೇಶ ವಿಚಾರಿಸಬೇಕೆಂದು ಅದು ಹೇಳುವುದಿಲ್ಲ.

ಅದನ್ನು ಹೇಳಿದ್ದು ಯೂರೋಪಿನ ಪ್ರಾದೇಶಿಕ ಕಾನೂನು. 1990ರ ಡಬ್ಲಿನ್ ಒಪ್ಪಂದ ಮತ್ತು ಅದರ ಜಾಗಕ್ಕೆ ಬಂದ 2003ರ ಡಬ್ಲಿನ್ ನಿಯಮದ ಪ್ರಕಾರ, ಕಾಗದಪತ್ರವಿಲ್ಲದೆ ಬಂದವನು ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಹೊಣೆ. ಗಡಿಯಲ್ಲಿರುವ ಗ್ರೀಸಿನಂಥ ದೇಶಗಳಿಗೆ ಇದರಿಂದ ಹೊರೆ ಹೆಚ್ಚಿತು.

2008ರಲ್ಲಿ ಕಾಬೂಲ್ ಬಿಟ್ಟ ಅಫ್ಘನ್ ದುಭಾಷಿಯೊಬ್ಬರು ಗ್ರೀಸ್ ದಾಟಿ ಬಂದು 2009ರ ಫೆಬ್ರವರಿಯಲ್ಲಿ ಬೆಲ್ಜಿಯಂನಲ್ಲಿ ಆಶ್ರಯ ಕೇಳಿದರು. ಅವರ ಬೆರಳಚ್ಚು ಗ್ರೀಸಿನಲ್ಲಿ ದಾಖಲಾಗಿತ್ತು. ಡಬ್ಲಿನ್ ನಿಯಮ ತೋರಿಸಿ ಬೆಲ್ಜಿಯಂ ಜೂನ್‌ನಲ್ಲಿ ಅವರನ್ನು ಅಲ್ಲಿಗೇ ಕಳಿಸಿತು. ಅಲ್ಲಿ ಕಿಕ್ಕಿರಿದ ಕೋಣೆಯಲ್ಲಿ ಬಂಧನ. ಬಿಡುಗಡೆಯಾದ ಮೇಲೆ ಅಥೆನ್ಸಿನ ಪಾರ್ಕಿನಲ್ಲಿ ವಾಸ.

2011ರ ಜನವರಿ 21ರಂದು ಸ್ಟ್ರಾಸ್‌ಬರ್ಗಿನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಅಮಾನುಷ ವರ್ತನೆಯನ್ನು ನಿಷೇಧಿಸುವ 3ನೇ ವಿಧಿಯನ್ನು ಗ್ರೀಸ್ ಮುರಿದಿದೆ; ಅಲ್ಲಿನ ಸ್ಥಿತಿ ಗೊತ್ತಿದ್ದೂ ಕಳಿಸಿದ ಬೆಲ್ಜಿಯಂ ಕೂಡ ಮುರಿದಿದೆ. ನಿಯಮವೇ ಹಾಗಿದೆ ಎಂಬ ಸಮಜಾಯಿಷಿ ನಡೆಯಲಿಲ್ಲ. ಏಕೆಂದರೆ, ಬೇಕಿದ್ದರೆ ಅರ್ಜಿಯನ್ನು ತಾನೇ ವಿಚಾರಿಸಬಹುದೆಂದು ಅದೇ ನಿಯಮದಲ್ಲಿತ್ತು. ಅದೇ ವರ್ಷ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವೂ ಇದೇ ದಾರಿ ಹಿಡಿಯಿತು. 2013ರ ತಿದ್ದಿದ ಡಬ್ಲಿನ್ ನಿಯಮದಲ್ಲಿ ಈ ರಕ್ಷಣೆ ಸೇರಿತು. 2024ರಲ್ಲಿ ಒಕ್ಕೂಟವು ಡಬ್ಲಿನ್ ಬದಲಿಗೆ ಹೊಸ ಕಾನೂನನ್ನು ಅಂಗೀಕರಿಸಿತು.

"ನಮ್ಮ ದೇಶದಲ್ಲಿ?" ಎಂದ ಹುಡುಗ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯಿದೆಯೂ ಇಲ್ಲ. ಆದರೆ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದಿತು.

ಆ ವಿಧಿಯಲ್ಲಿ 'ನಾಗರಿಕ' ಎಂದಿದೆಯೋ 'ವ್ಯಕ್ತಿ' ಎಂದಿದೆಯೋ ನೋಡಿಕೊಂಡು ಬಾ ಎಂದು ಹುಡುಗನಿಗೆ ಹೇಳಿದ್ದೇನೆ. ನೀವೂ ಮಕ್ಕಳೊಡನೆ ಕುಳಿತು ಒಮ್ಮೆ ತೆರೆದು ನೋಡಿ.