ಅನ್ಯಭಾಷೆ (ಕ್ರೈಸ್ತಧರ್ಮ)

ಪವಿತ್ರಾತ್ಮನ ಪ್ರೇರಣೆಯಿಂದ ಭಕ್ತರು ತಾವು ಕಲಿಯದ ನುಡಿಯಲ್ಲಿ ದೇವರನ್ನು ಸ್ತುತಿಸುವ, ಪ್ರಾರ್ಥಿಸುವ ವರ.

ಆಧಾರ: ‘ಅಪೊಸ್ತಲರ ಕೃತ್ಯಗಳು’ 2ನೆಯ ಅಧ್ಯಾಯದ ಪ್ರಕಾರ ಪಂಚಾಶತ್ತಮ (ಪೆಂಟೆಕೋಸ್ಟ್) ದಿನದಂದು ಯೆರೂಸಲೇಮಿನಲ್ಲಿ ಬೆಂಕಿಯಂಥ ನಾಲಗೆಗಳು ಶಿಷ್ಯರ ಮೇಲೆ ಇಳಿದವು, ನಾನಾ ದೇಶಗಳಿಂದ ಬಂದವರಿಗೆ ಅವರ ಮಾತು ತಂತಮ್ಮ ಭಾಷೆಯಲ್ಲೇ ಕೇಳಿಸಿತು. ಕೊರಿಂಥದ ಸಭೆಯಲ್ಲಿ ಆಡುತ್ತಿದ್ದುದಾದರೋ ಕೇಳುಗರಿಗೆ ಅರ್ಥವಾಗದ ನುಡಿ. ಅಪೊಸ್ತಲ ಪೌಲ ಅದನ್ನು ವರವೆಂದೇ ಒಪ್ಪಿ, ಕಟ್ಟಳೆಯನ್ನೂ ಹಾಕಿದ: ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೊಬ್ಬರು ಮಾತಾಡಬೇಕು, ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು.

ಕರ್ನಾಟಕದ ನಂಟು: ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ 1839ರಿಂದ ಕೆಲಕಾಲ ದುಡಿದ. ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ಆತ 1856ರಲ್ಲಿ ಪ್ರಕಟಿಸಿದ ‘ದಿ ಟಂಗ್ ಆಫ್ ಫೈರ್’ ಪಂಚಾಶತ್ತಮದ ಶಕ್ತಿ ಇಂದಿನ ಸಭೆಗೂ ಬೇಕೆಂದು ವಾದಿಸಿ ಬಹಳ ಓದುಗರನ್ನು ಪಡೆಯಿತು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್‌ನಲ್ಲಿ (ಪುಣೆ ಬಳಿಯ ಕೇಡಗಾಂವ್) 1905ರಲ್ಲಿ ಭಕ್ತಿಯ ಉಜ್ಜೀವನ ಆರಂಭವಾಯಿತು; ಮುಂದೆ ಅಲ್ಲಿ ಅನ್ಯಭಾಷೆಯ ಪ್ರಾರ್ಥನೆಗಳೂ ವರದಿಯಾದವು. ಪೆಂಟೆಕೋಸ್ಟಲ್ ಚಳವಳಿಯ ಮೂಲವೆಂದು ಹೆಸರಾದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಕೂಟಗಳು ಶುರುವಾದದ್ದು ಆ ಉಜ್ಜೀವನದ ಮರುವರ್ಷ, 1906ರಲ್ಲಿ.

ಮತಭೇದ: ಅಸೆಂಬ್ಲೀಸ್ ಆಫ್ ಗಾಡ್ ಮುಂತಾದ ಪೆಂಟೆಕೋಸ್ಟಲ್ ಸಭೆಗಳಿಗೆ ಇದು ಪವಿತ್ರಾತ್ಮ ದೀಕ್ಷಾಸ್ನಾನದ ಮೊದಲ ಗುರುತು. 1967ರಿಂದ ಕ್ಯಾಥೊಲಿಕ್ ಕರಿಸ್ಮ್ಯಾಟಿಕ್ ಕೂಟಗಳಲ್ಲೂ ರೂಢಿಗೆ ಬಂದಿದೆ. ಅಪೊಸ್ತಲರ ಕಾಲಕ್ಕೇ ಈ ವರ ಮುಗಿಯಿತೆಂದು ನಂಬುವ ಪ್ರಾಟೆಸ್ಟಂಟ್ ಪಂಗಡಗಳೂ ಇವೆ.