ಹಿಂಡಿಯ ಪೂರ್ವೋತ್ತರ

ನಮ್ಮ ನಾಡಿನ ಗೋಸಂಪತ್ತನ್ನು ಕುರಿತು ಬರೆದವರು ತಳಿಗಳ ಲಕ್ಷಣವನ್ನು ವರ್ಣಿಸಿದ್ದಾರೆ, ಅಮೃತಮಹಲಿನ ಕಾವಲುಗಳ ವೃತ್ತಾಂತವನ್ನು ಬರೆದಿದ್ದಾರೆ, ರೋಗಗಳಿಗೆ ಮದ್ದು ಹೇಳಿದ್ದಾರೆ; ಆದರೆ ಆ ದನಗಳು ದಿನದಿನವೂ ತಿಂದುದೇನು, ಅದು ಯಾರ ಕೈಯಿಂದ ಬಂದಿತು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಅತ್ಯಲ್ಪ. ಹುಲ್ಲು, ಹುರುಳಿ, ತೌಡು, ಹತ್ತಿಕಾಳು ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಚರಿತ್ರೆಯುಂಟಾದರೂ ಪ್ರಕೃತ ಲೇಖನವು ಹಿಂಡಿಯೊಂದನ್ನೇ ಆರಿಸಿಕೊಂಡಿದೆ; ಏಕೆಂದರೆ ಈ ವಸ್ತುವು ಊರಿನ ಗಾಣವನ್ನು ತೊರೆದು ಯಂತ್ರಶಾಲೆಯನ್ನು ಸೇರಿದಾಗ ಬಡ ರೈತನ ಹಸುವಿನ ಪಾಲೂ ಅದರ ಹಿಂದೆಯೇ ಊರು ಬಿಟ್ಟಿತೆಂಬುದು ನನ್ನ ಅಭಿಪ್ರಾಯ.

ಎಣ್ಣೆಯನ್ನು ಹಿಂಡಿದ ಬಳಿಕ ಉಳಿಯುವುದೇ ಹಿಂಡಿ. ಸಂಸ್ಕೃತದಲ್ಲಿ ಅದಕ್ಕೆ ಪಿಣ್ಯಾಕವೆಂದು ಹೆಸರು. ತಂಜಾವೂರಿನ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗೋವುಗಳ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದೊಳಗೆ, ಉತ್ತಮವಾದ ಎತ್ತುಗಳಿಗೆ ಹಸಿಮೇವು ಅರ್ಧ ಭಾರ, ಹುಲ್ಲು ಅದರ ಇಮ್ಮಡಿ, ಗಾಣದ ಹಿಂಡಿ ಒಂದು ತುಲಾ, ನುಚ್ಚುತೌಡು ಹತ್ತು ಆಢಕ, ಉಪ್ಪು ಐದು ಪಲ ಎಂದು ವಿಧಿಸಿದೆ. ತುಲಾ ಎಂದರೆ ನೂರು ಪಲ. ಇದು ರಾಜನ ಕೊಟ್ಟಿಗೆಯ ಲೆಕ್ಕ. ಒಕ್ಕಲಿಗನ ಎತ್ತಿಗೆ ಇಷ್ಟು ದೊರೆಯುತ್ತಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆದರೂ ಒಣಮೇವು, ಹಿಂಡಿ, ತೌಡು, ಲವಣ ಎಂಬ ನಾಲ್ಕರ ಕೂಟವು ಅಷ್ಟು ಹಿಂದೆಯೇ ನೆಲೆಗೊಂಡಿತ್ತೆಂಬುದು, ಇಂದಿನ ಪಶು ಆಹಾರದ ಚೀಲವನ್ನು ಬಿಚ್ಚಿ ನೋಡಿದವನಿಗೆ, ವಿಸ್ಮಯವನ್ನುಂಟುಮಾಡದಿರದು.

ಕನ್ನಡ ಶಾಸನಗಳಲ್ಲಿ ಗಾಣದ ಪ್ರಸ್ತಾಪ ಮೇಲಿಂದಮೇಲೆ ಬರುತ್ತದೆ. ಗಾಣದೆರೆ ಎಂಬ ಸುಂಕವುಂಟು, ದೇವರ ನಂದಾದೀವಿಗೆಗೆ ಎಣ್ಣೆ ಬಿಟ್ಟ ತೆಲ್ಲಿಗರುಂಟು. ಶಾಸನಕಾರನ ದೃಷ್ಟಿಯೆಲ್ಲ ಎಣ್ಣೆಯ ಮೇಲೆ. ಹಿಂಡಿಯು ಕೊಟ್ಟಿಗೆಯ ವಿಷಯವಾದುದರಿಂದ ಅದಕ್ಕೆ ಕಲ್ಲಿನಲ್ಲಿ ಸ್ಥಾನ ದೊರೆಯುವುದು ಅಪರೂಪವೇ.

ಯಾವ ಹಿಂಡಿ ದನಕ್ಕೆ, ಯಾವುದು ಹೊಲಕ್ಕೆ ಎಂಬ ವಿವೇಕವನ್ನು ಗ್ರಂಥದಿಂದ ಕಲಿತವರಿಲ್ಲ. ಎಳ್ಳು, ಹುಚ್ಚೆಳ್ಳು, ಕುಸುಬೆ, ಅಗಸೆ, ಕರಾವಳಿಯಲ್ಲಿ ಕೊಬ್ಬರಿ, ಇವುಗಳ ಹಿಂಡಿ ಗೊಂತಿಗೆ. ಹೊಂಗೆ, ಬೇವು, ಹರಳು ಇವುಗಳದು ಗದ್ದೆ ತೋಟಗಳ ಗೊಬ್ಬರಕ್ಕೆ. ಹರಳಿನ ಹಿಂಡಿಯಲ್ಲಿ ರಿಸಿನ್ ಎಂಬ ಘೋರವಿಷವಿರುವುದನ್ನು ರಸಾಯನಶಾಸ್ತ್ರವು ಹೇಳುವುದಕ್ಕೆ ಎಷ್ಟೋ ಮುಂಚೆ, ಅದನ್ನು ದನದ ಬಾಯಿಗೆ ಸೋಕಗೊಡಬಾರದೆಂದು ರೈತರು ಬಲ್ಲವರಾಗಿದ್ದರು. ಇಂದು ಹಿಂಡಿಯೆಂದೊಡನೆ ನೆನಪಿಗೆ ಬರುವ ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದಿಂದ ಬಂದ ಅತಿಥಿ. ದಕ್ಷಿಣ ಭಾರತದಲ್ಲಿ ಅದರ ಬೇಸಾಯ ಹಬ್ಬಿದ್ದು 19ನೆಯ ಶತಮಾನದಲ್ಲಿ.

ನಮ್ಮ ಮನೆಯಲ್ಲಿ ಹುಚ್ಚೆಳ್ಳು ಹಿಂಡಿಯನ್ನು ಅಡುಗೆಮನೆಯ ಹೊಗೆ ತಾಗುವ ಅಟ್ಟದ ಮೇಲೆ ಇಡುತ್ತಿದ್ದರು. ಕಲ್ಲಿನಂತೆ ಗಟ್ಟಿಯಾದ ಆ ಕರಿಯ ಹೆಂಟೆಯನ್ನು ಅಜ್ಜಿ ಗುಂಡುಕಲ್ಲಿನಿಂದ ಜಜ್ಜಿ, ರಾತ್ರಿ ಬಾನಿಯ ಕಲಗಚ್ಚಿನಲ್ಲಿ ನೆನೆಹಾಕುವಳು. ಬೆಳಗಾಗುವಷ್ಟರಲ್ಲಿ ಅದು ಅರಳಿ, ಮೇಲೆ ಎಣ್ಣೆಯ ತೆಳುವಾದ ಪೊರೆ ತೇಲುತ್ತಿತ್ತು. ತೌಡು ಬೆರೆಸುವ ಕೈಯ ಸಪ್ಪಳಕ್ಕೇ ಹಸುವು ಹಗ್ಗವನ್ನು ಜಗ್ಗುತ್ತಿತ್ತು.

ಆ ಎಣ್ಣೆಯ ಪೊರೆಯಲ್ಲಿಯೇ ನಮ್ಮ ವಿಷಯದ ಮರ್ಮವಿದೆ. ಎತ್ತಿನ ಗಾಣವು ಎಣ್ಣೆಯನ್ನು ಪೂರ್ತಿಯಾಗಿ ಹಿಂಡಲಾರದಾಗಿ ಶೇಕಡ 10ರಷ್ಟಾದರೂ ಹಿಂಡಿಯಲ್ಲಿ ಉಳಿಯುತ್ತಿತ್ತು. ಯಂತ್ರದ ಎಕ್ಸ್‌ಪೆಲರ್ ಬಂದಮೇಲೆ ಅದು 7ರ ಆಸುಪಾಸಿಗಿಳಿದು, ದ್ರಾವಕದಿಂದ ಎಣ್ಣೆ ತೆಗೆಯುವ ಕಾರ್ಖಾನೆಗಳಲ್ಲಿ ಸುಮಾರು 1ಕ್ಕೆ ನಿಂತಿತು. ಒಣಹುಲ್ಲಿನಲ್ಲಿ ಸಸಾರಜನಕ ಶೇಕಡ 3-4ಕ್ಕೆ ಮೀರದಿರುವಾಗ ಕಡಲೆಕಾಯಿ ಹಿಂಡಿಯಲ್ಲಿ 40ಕ್ಕೂ ಮಿಕ್ಕಿ ಇರುವುದರಿಂದ, ಇದರ ಮೌಲ್ಯವನ್ನು ಪರದೇಶದವರು ಬೇಗನೆ ಗ್ರಹಿಸಿದರು. ನಮ್ಮ ಹಿಂಡಿ ಹಡಗೇರಿ ಯುರೋಪಿನ ಹಸುಗಳ ಹಾಲಾಯಿತು. ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗವು 1928ರ ವರದಿಯಲ್ಲಿ ಹಿಂಡಿಯ ರಫ್ತಿಗೆ ತಡೆಯೊಡ್ಡಬೇಕೆಂಬ ಸಲಹೆಯನ್ನು ಪರಿಶೀಲಿಸಿ, ಅದರಿಂದ ಎಣ್ಣೆಕಾಳಿನ ಬೆಲೆ ಕುಸಿದು ರೈತನಿಗೇ ನಷ್ಟವೆಂದು ತಳ್ಳಿಹಾಕಿತು. ಕಾಳು ಮಾರುವ ರೈತನ ಮಟ್ಟಿಗೆ ಈ ವಾದ ಸಾಧುವೇ. ಹಸು ಸಾಕುವ ರೈತನ ಮಾತನ್ನು ಮಾತ್ರ ಅದು ಸಾಕಷ್ಟು ಕೇಳಲಿಲ್ಲವೆಂದು ನನಗೆ ತೋರುತ್ತದೆ.

ಹೀಗೆ ದೂರದ ಪಯಣ ಕೈಗೊಂಡ ಹಿಂಡಿಯಿಂದಲೇ ಒಂದು ಅನರ್ಥವೂ ಹೊರಬಿದ್ದಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತಾಗ, ಕಾರಣವು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟೆಂದು ತಿಳಿಯಿತು. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಹಸುವು ತಿಂದರೆ ಅದರ ಅಂಶವು ಹಾಲಿಗೂ ಇಳಿಯುವುದು. ತೇವವೇ ಈ ಬೂಷ್ಟಿನ ತಾಯಿಯಾದುದರಿಂದ ಅಜ್ಜಿಯ ಹೊಗೆಯಟ್ಟದ ಅರ್ಥವು ನನಗೆ ಹೊಳೆದದ್ದು ಈ ವೃತ್ತಾಂತವನ್ನು ಓದಿದಮೇಲೆಯೇ.

ನಮ್ಮ ಹಳ್ಳಿಗಳ ಹೊರವಲಯದಲ್ಲಿ ಕಲ್ಲುಗಾಣಗಳು ಇನ್ನೂ ಬಿದ್ದಿವೆ. ಕೆಲವುಗಳ ಅಂಚಿನಲ್ಲಿ ಅಕ್ಷರಗಳೂ ಉಂಟು. ಶಾಸನಜ್ಞರು ಆ ಅಕ್ಷರಗಳ ಪಡಿಯಚ್ಚು ತೆಗೆಯುವಾಗ ಗಾಣದ ಕುಳಿಯ ಆಳ ಅಗಲಗಳನ್ನೂ ಅಳೆದು ಬರೆದಿಟ್ಟರೆ, ಒಂದು ಸಲಕ್ಕೆ ಎಷ್ಟು ಕಾಳು ಹಿಡಿಯುತ್ತಿತ್ತು, ಊರ ದನಗಳಿಗೆ ಎಷ್ಟು ಹಿಂಡಿ ಉಳಿಯುತ್ತಿತ್ತು ಎಂಬುದನ್ನು ಲೆಕ್ಕಹಾಕಬಹುದು.