ಲೂಕಾಸ್ ಕೆಲಸಗಾರರ ಪ್ಲಾನ್

ಲೂಕಾಸ್ ಅಂದ್ರೆ ನಮಗೆ ನೆನಪಾಗೋದು ಗ್ಯಾರೇಜುಗಳ ಮೇಲಿನ ‘ಲೂಕಾಸ್ ಟಿವಿಎಸ್’ ಬೋರ್ಡು. ಆ ಬ್ರಿಟಿಷ್ ಲೂಕಾಸಿನದೇ ಇನ್ನೊಂದು ಕವಲು ಲೂಕಾಸ್ ಏರೋಸ್ಪೇಸ್. ವಿಮಾನದ ಬಿಡಿಭಾಗಗಳನ್ನು ಮಾಡ್ತಿತ್ತು, ಅದರಲ್ಲಿ ಸುಮಾರು ಅರ್ಧ ಮಿಲಿಟರಿಗೆ. ‘ಹಸಿರು ಉದ್ಯಮ’ ಅನ್ನೋ ಮಾತು ಬಂದಾಗಲೆಲ್ಲ ನನಗೆ ಇವರ ಕಥೆ ನೆನಪಾಗುತ್ತೆ.

1970ರ ದಶಕದಲ್ಲಿ ಅಲ್ಲಿ ಒಂದೇ ಸಮನೆ ಕೆಲಸ ಕಡಿತ. ಬೇರೆ ಬೇರೆ ಊರಿನ ಕಾರ್ಖಾನೆಗಳ, ಬೇರೆ ಬೇರೆ ಯೂನಿಯನ್ನುಗಳ ಪ್ರತಿನಿಧಿಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದರು. ಲೇತ್ ಮೇಲೆ ದುಡಿಯೋರು, ಡಿಸೈನ್ ಇಂಜಿನಿಯರುಗಳು ಒಂದೇ ಮೇಜಿನ ಸುತ್ತ! (ನಮ್ಮ ಐಟಿ ಕಂಪನಿಗಳಲ್ಲಿ ಇದನ್ನು ಊಹಿಸಿಕೊಳ್ಳಿ ನೋಡೋಣ.) 1974ರಲ್ಲಿ ಇವರು ಕೈಗಾರಿಕಾ ಮಂತ್ರಿ ಟೋನಿ ಬೆನ್ ಅವರನ್ನು ಭೇಟಿಯಾದರು. ಬರೀ ಕೆಲಸ ಉಳಿಸಿ ಅಂತ ಕೇಳೋ ಬದಲು ಬೇರೆ ಏನು ತಯಾರಿಸಬಹುದು ಅಂತ ನಾವೇ ಹೇಳೋಣ ಅನ್ನೋ ಯೋಚನೆ ಅಲ್ಲಿಂದ ಗಟ್ಟಿಯಾಯಿತು.

ಮೊದಲು ನೂರಾ ಎಂಬತ್ತು ತಜ್ಞರಿಗೆ, ಸಂಸ್ಥೆಗಳಿಗೆ ಪತ್ರ ಬರೆದರು. ಉತ್ತರ ಬಂದಿದ್ದು ಮೂರೋ ನಾಲ್ಕೋ. ಸರಿ, ತಮ್ಮವರನ್ನೇ ಕೇಳಿದರು: ನಿಮ್ಮ ಹತ್ತಿರ ಯಾವ ಮೆಷಿನ್ ಇದೆ, ಯಾವ ಕೌಶಲ ಇದೆ, ಸಮಾಜಕ್ಕೆ ಬೇಕಾದ್ದು ಏನು ಮಾಡಬಹುದು? 1976ರ ಹೊತ್ತಿಗೆ 150 ವಸ್ತುಗಳ ಪ್ಲಾನ್ ಸಿದ್ಧ. ಹೀಟ್ ಪಂಪ್, ಗಾಳಿಯಂತ್ರ, ಕಿಡ್ನಿ ಮೆಷಿನ್, ರಸ್ತೆ ಮತ್ತು ರೈಲು ಹಳಿ ಎರಡರ ಮೇಲೂ ಓಡೋ ಬಸ್ಸು. ಚಿಕ್ಕ ಎಂಜಿನ್ ಒಂದೇ ವೇಗದಲ್ಲಿ ಓಡಿ ಬ್ಯಾಟರಿ ಚಾರ್ಜ್ ಮಾಡೋ ಹೈಬ್ರಿಡ್ ಕೂಡ ಇತ್ತು. ಟೊಯೋಟಾ ಪ್ರಿಯಸ್ ಮಾರುಕಟ್ಟೆಗೆ ಬಂದಿದ್ದು 1997ರಲ್ಲಿ ಅನ್ನೋದು ನೆನಪಿರಲಿ. ಇಂಗ್ಲೆಂಡಿನಲ್ಲಿ ಹೀಟ್ ಪಂಪಿಗೆ ಈಗಿನ ಸಹಾಯಧನ ಯೋಜನೆ ಶುರುವಾಗಿದ್ದು 2022ರಲ್ಲಿ!

ಕಂಪನಿ ಒಪ್ಪಲಿಲ್ಲ. ತಂತ್ರಜ್ಞಾನ ಸಾಲದು ಅಂತಲ್ಲ ಅನ್ಸುತ್ತೆ ನನಗೆ. ಏನು ತಯಾರಿಸಬೇಕು ಅನ್ನೋದನ್ನ ಕೆಲಸಗಾರರು ಹೇಳೋದಾ, ಅನ್ನೋದೇ ಅವರಿಗೆ ನುಂಗಲಾರದ ತುತ್ತು. ಇನ್ನೂ ಬೇಜಾರಿನ ವಿಷಯ ಅಂದ್ರೆ, ಯೂನಿಯನ್ನುಗಳ ದೊಡ್ಡ ನಾಯಕರೂ ಜೊತೆಗೆ ನಿಲ್ಲಲಿಲ್ಲ. ಈ ಒಕ್ಕೂಟ ಅವರ ಅಧಿಕೃತ ಚೌಕಟ್ಟಿನೊಳಗೆ ಇರಲಿಲ್ಲವಲ್ಲ! ಲೇಬರ್ ಸರ್ಕಾರವಂತೂ ಆ ಕಡೆಗೂ ಈ ಕಡೆಗೂ ಅಲೆಸಿತು. ಹಸಿರು ವಸ್ತು ಮಾಡೋ ಕೈಗಳು, ಯಂತ್ರಗಳು, ನಕ್ಷೆಗಳು ಎಲ್ಲ ಅಲ್ಲೇ ಇದ್ದವು. ಸಹಿ ಹಾಕೋರು ಮಾತ್ರ ಯಾರೂ ಇರಲಿಲ್ಲ.

ಒಕ್ಕೂಟದ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ಮೈಕ್ ಕೂಲಿ, ಐರ್ಲೆಂಡಿನವರು, ಡಿಸೈನ್ ಇಂಜಿನಿಯರ್. ಕಂಪ್ಯೂಟರ್ ಬಂದು ನಕ್ಷೆಗಾರರ ಕೌಶಲವನ್ನು ಹೇಗೆ ಕಿತ್ತುಕೊಳ್ಳುತ್ತೆ ಅಂತ ‘ಆರ್ಕಿಟೆಕ್ಟ್ ಆರ್ ಬೀ?’ ಪುಸ್ತಕದಲ್ಲಿ ಬರೆದರು. ಕೋಡ್ ಬರೆಯೋ ನಮ್ಮಂಥವರು ಓದಲೇಬೇಕಾದ್ದು. 1981ರಲ್ಲಿ ಲೂಕಾಸ್ ಅವರನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆಮೇಲೆ ಲಂಡನ್ ನಗರಾಡಳಿತದ ಉದ್ಯಮ ಮಂಡಳಿ ಸೇರಿ, ಜನಸಾಮಾನ್ಯರೂ ಬಂದು ಯಂತ್ರ ಮುಟ್ಟಿ ಹೊಸದೇನಾದ್ರೂ ಮಾಡಬಹುದಾದ ಕಾರ್ಯಾಗಾರಗಳನ್ನು ತೆರೆಸಿದರು. 2020ರಲ್ಲಿ ತೀರಿಕೊಂಡರು.